ಅಣ್ಣನ ಕಾಲಿನ ಅಳತೆ

ಹೋದ ವಾರ ನನ್ನ ಕಾರಿಗೆ ಹೊಸ ಮ್ಯಾಟ್ ಹಾಕಿಸಲು ಅಂಗಡಿಗೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಹೊಸ ರಬ್ಬರಿನ ಘಾಟು ಮೂಗಿಗೆ ಬಡಿಯಿತು. ಅಂಗಡಿಯವನು ನನ್ನನ್ನು ದಾಟಿ, ಹಿಂದೆ ನಿಂತಿದ್ದ ನನ್ನ ಗಂಡನನ್ನು ಯಾವ ಗಾಡಿ ಎಂದು ಕೇಳಿದ. ನನ್ನ ಗಂಡನಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬಾರದು. ಆ ವಾಸನೆಗೋ, ಆ ಪ್ರಶ್ನೆಗೋ... ಎಷ್ಟೋ ವರ್ಷಗಳ ಹಿಂದಿನ ಸಿಟ್ಟು ಒಮ್ಮೆಲೇ ಮೇಲೆದ್ದಿತು. ಸಿಟ್ಟಿನ ಜೊತೆಗೆ ಎದುರುಮನೆಯ ಟೀಚರಮ್ಮನೂ ನೆನಪಾದರು.

ಎಪ್ಪತ್ತರ ದಶಕದಲ್ಲಿ ನಮ್ಮ ಮನೆ ಬ್ರೂಸ್‌ಪೇಟೆಯ ಓಣಿಯೊಂದರಲ್ಲಿತ್ತು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಟೀಚರಮ್ಮ ಸಿರುಗುಪ್ಪದಲ್ಲಿ ಶಾಲೆ ಕಲಿಸುತ್ತಿದ್ದರು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವರ ಎಡಗಾಲು ಸೊರಗಿತ್ತು, ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವುದು ಆಗದ ಮಾತು. ಅದನ್ನರಿತೇ ಅವರಪ್ಪ ಸಾಯುವ ಮೊದಲು ತಮ್ಮ ಹಳೆಯ ಕರಿ ಕಾರನ್ನು ಮಗನಿಗೆ ಕೊಡದೆ ಮಗಳಿಗೆ ಕೊಟ್ಟಿದ್ದರು, ಪಕ್ಕದಲ್ಲಿ ಕೂತು ಓಡಿಸಲೂ ಕಲಿಸಿದ್ದರು. ಕಾರಿದ್ದರೆ ನೌಕರಿ, ಇಲ್ಲದಿದ್ದರೆ ಅಣ್ಣನ ಮನೆಯ ಒಲೆ. ಅವರ ಪಾಲಿಗೆ ಇದ್ದದ್ದು ಇವೆರಡೇ.

ಆದರೆ ಆ ಕಾರಿನ ಕ್ಲಚ್ಚು ಕಲ್ಲು. ಸಿರುಗುಪ್ಪಕ್ಕೆ ಹೋಗಿ ಬರುವಷ್ಟರಲ್ಲಿ ಅವರ ಎಡಗಾಲು ಗಡಗಡ ನಡುಗುತ್ತಿತ್ತು. ಟೀಚರಮ್ಮ ಇದಕ್ಕೊಂದು ಉಪಾಯ ಯೋಚಿಸಿ ಇಟ್ಟುಕೊಂಡಿದ್ದರು. ಪೆಡಲಿನ ಸರಳು ಉದ್ದವಾದರೆ ಒತ್ತಲು ಹಗುರ, ಮೇಲೆ ಅಗಲವಾದ ರಬ್ಬರ್ ಇದ್ದರೆ ಕಾಲು ಜಾರುವುದಿಲ್ಲ. ಇದನ್ನು ಬಿಡಿಭಾಗಗಳ ಅಂಗಡಿಯಲ್ಲಿ ಹೇಳಿದರೆ, ಅಂಗಡಿಯವನು ಜೊತೆಗೆ ಬಂದಿದ್ದ ಅಣ್ಣನ ಮುಖವನ್ನೇ ನೋಡುತ್ತ ಪಳಪಳ ಹೊಳೆಯುವ ಸ್ಟೀಲಿನ ಪೆಡಲ್ ತೆಗೆದಿಟ್ಟ. ಹೆಣ್ಣುಮಕ್ಕಳಿಗೆ ಮಿಂಚುವುದು ಇಷ್ಟವಂತೆ. ಚಪ್ಪಲಿ ಜಾರಿದರೆ ಮಿಂಚು ತೊಗೊಂಡು ಏನು ಮಾಡುವುದು? ಹೆಣಗಾಡಿ ಹೆಣಗಾಡಿ ಕೊನೆಗೆ ಉದ್ದ ಸರಳಿನದನ್ನೇ ಒಪ್ಪಿಸಿದರು.

ಸರಳನ್ನು ಓಡಿಸುವವರ ಕಾಲಿಗೆ ತಕ್ಕಂತೆ ಬಗ್ಗಿಸಬೇಕಿತ್ತು. ಮೆಕ್ಯಾನಿಕ್ ಟೇಪ್ ಹಿಡಿದು ಬಂದವನೇ ಅಣ್ಣನನ್ನು ಸೀಟಿನಲ್ಲಿ ಕೂರಿಸಿ ಅವನ ಕಾಲನ್ನು ಅಳೆದ! ಓಡಿಸುವವಳು ನಾನು ಎಂದು ಟೀಚರಮ್ಮ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಣ್ಣುಮಕ್ಕಳ ಕಾಲಿಗೆ ಟೇಪ್ ಹಿಡಿಯುವುದು ಮರ್ಯಾದೆಯಲ್ಲವಂತೆ. ನಮ್ಮ ದರ್ಜಿಯೂ ಆಗ ಮೈಗೆ ಟೇಪ್ ಹಿಡಿಯದೆ ಹಳೆ ಕುಪ್ಪಸ ನೋಡಿಯೇ ಹೊಲಿಯುತ್ತಿದ್ದ, ನಿಜ. ಆದರೆ ಆ ಹಳೆ ಕುಪ್ಪಸವಾದರೂ ನಮ್ಮದೇ ಆಗಿರುತ್ತಿತ್ತು. ಇಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಅಣ್ಣನೋ ತೆಂಗಿನ ಮರದಂಥ ಆಳು, ಸ್ಟಿಯರಿಂಗ್ ಮುಟ್ಟಿ ಗೊತ್ತಿಲ್ಲದವನು.

ಹೊಸ ಪೆಡಲಿಗೆ ಪೂಜೆ ಆಗಲೇಬೇಕೆಂದು ಅಣ್ಣ ಹಠ ಹಿಡಿದ. ನಾನೂ ಸೇರಿ ಮೂವರು ಕುರುಗೋಡಿನ ಬಸವಣ್ಣನ ಗುಡಿಗೆ ಹೊರಟೆವು. ಟೀಚರಮ್ಮ ಸೀಟಿನ ತುದಿಗೆ ಸರಿದು, ಹಲ್ಲು ಕಚ್ಚಿ ಓಡಿಸಿದರು. ಊರು ಹತ್ತಿರವಾದಾಗ ಕುರಿ ಹಿಂಡು ಅಡ್ಡ ಬಂತು. ಕ್ಲಚ್ಚಿಗೆ ಕಾಲು ಪೂರ್ತಿ ಎಟುಕಲಿಲ್ಲ. ಕಾರು ಎಗರಿ, ರಸ್ತೆ ಪಕ್ಕ ಒಣಹಾಕಿದ್ದ ಮೆಣಸಿನಕಾಯಿಯ ರಾಶಿಗೆ ನುಗ್ಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಸೀನಿದ್ದೇ ಸೀನಿದ್ದು. ಕಾಯಿ ಕಾಯುತ್ತಿದ್ದ ಮುದುಕ ಬಂದು ಬಗ್ಗಿ ನೋಡಿ, ಗಾಡಿಯಲ್ಲಿ ಗಂಡಸರು ಇದ್ದೂ ಹೆಂಗಸಿನ ಕೈಗೆ ಕೊಟ್ಟಿದ್ದೀರಲ್ಲ ಎಂದು ಅಣ್ಣನನ್ನು ಬೈದ. ಅಷ್ಟು ಸಾಕಾಯಿತು ಅವನಿಗೆ.

“ಸಾಕಿನ್ನ. ಗಾಡಿ ಮಾರಿಬಿಡಾದು. ಸಾಲಿ ಬಿಟ್ಟು ಮನ್ಯಾಗಿರು,” ಅಂದ.

ಟೀಚರಮ್ಮ ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋದರು. ಗಂಡಸರೆಲ್ಲ ಚಹಾ ಕುಡಿಯುತ್ತ ನಿಂತಿದ್ದರು. ಟೀಚರಮ್ಮ ಚಪ್ಪಲಿ ಬಿಟ್ಟು, ಆ ಸೊರಗಿದ ಕಾಲನ್ನು ಎತ್ತಿ ಅವರೆಲ್ಲರ ನಡುವಿನ ಸ್ಟೂಲಿನ ಮೇಲೆ ಇಟ್ಟರು. ಅಷ್ಟು ವರ್ಷವೂ ಸೀರೆಯ ನಿರಿಗೆಯಲ್ಲಿ ಮುಚ್ಚಿಟ್ಟುಕೊಂಡೇ ಬಂದಿದ್ದ ಕಾಲು ಅದು.

“ಗಾಡಿ ನಡಸಾದು ಈ ಕಾಲು. ಅಳತಿ ತಗೋರಿ.”

ಮೆಕ್ಯಾನಿಕ್ ತಗಡಿನ ಸೂರು ನೋಡತೊಡಗಿದ. ಟೀಚರಮ್ಮ ಅವನ ಕೈಯಿಂದ ಟೇಪ್ ಕಸಿದು ಒಂದು ತುದಿ ನನಗೆ ಕೊಟ್ಟರು. ನಾನು ಹಿಮ್ಮಡಿಗೆ ಹಿಡಿದೆ. ಅವರೇ ಇನ್ನೊಂದು ತುದಿಯನ್ನು ಮಂಡಿಯವರೆಗೆ ಎಳೆದು, ಅಳತೆಯನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳಿದರು. ಸಂಜೆಯೊಳಗೆ ಸರಳು ಅವರ ಕಾಲಿಗೆ ತಕ್ಕಂತೆ ಬಗ್ಗಿತು. ಅದೇ ಪೆಡಲ್ ಒತ್ತಿಕೊಂಡು ಅವರು ನಿವೃತ್ತಿಯವರೆಗೂ ಸಿರುಗುಪ್ಪಕ್ಕೆ ಹೋಗಿ ಬಂದರು.

ಟೀಚರಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ಶ್ರದ್ಧಾಂಜಲಿಯ ದಿನ ಮುದುಕನಾಗಿದ್ದ ಅಣ್ಣ ಎದ್ದು ನಿಂತು, ತಂಗಿ ಸ್ವಂತ ಕಾಲ ಮೇಲೆ ನಿಲ್ಲಲಿ ಎಂದು ಆ ಪೆಡಲ್ ಮಾಡಿಸಿದವನು ತಾನೇ ಎಂದು ಕಣ್ಣೊರೆಸಿಕೊಂಡ. ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತೆ. ಅಳತೆ ಅವರದೇ ಕಾಲಿನದು, ಕೊಟ್ಟವರೂ ಅವರೇ, ಟೇಪ್ ಹಿಡಿದವಳು ನಾನು ಎಂದೆ. ಪಕ್ಕದಲ್ಲಿದ್ದವರು ಸೆರಗು ಎಳೆದು ಕೂರಿಸಿದರು.

“ಆಗ ಆಕಿ ಸಣ್ಣಾಕಿ ಇದ್ಲು. ಆಕಿಗೇನು ನೆನಪಿರ್ತೈತಿ,” ಎಂದ ಅಣ್ಣ, ನಗುತ್ತ. ಎಲ್ಲರೂ ತಲೆಯಾಡಿಸಿದರು.

ಇವತ್ತಿಗೂ ನಮ್ಮ ಓಣಿಯಲ್ಲಿ ಅದು ತಂಗಿಗೆ ಕಾಲು ಕೊಟ್ಟ ಅಣ್ಣನ ಕಥೆ. ಅಲ್ಲ ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ. ಹೌದು, ಇವಳು ಹೇಳುವುದೇ ನಿಜ ಎನ್ನಬಲ್ಲವರು ಒಬ್ಬರೇ ಇದ್ದರು... ಅವರಿಲ್ಲ.