ಹಾಸನಕ್ಕೆ ಬರೆದುಕೊಟ್ಟ ಚೀಟಿ

ಗೌರಕ್ಕ, ನಿಮ್ಮ ಮಗಳು ಶ್ವೇತಾ ಸತ್ತಿದ್ದು ಶನಿವಾರದ ಉಪವಾಸದಿಂದಲ್ಲ. ಓಡಬಾರದು ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಬಚ್ಚಿಟ್ಟು, ಅವಳನ್ನು ಓಡಿಸಿದವನು ನಾನು.

ನಾಲ್ಕು ವರ್ಷದಿಂದ ನಿಮ್ಮೆದುರು ಇದನ್ನು ಹೇಳಲು ಬಾಯಿ ಬಂದಿಲ್ಲ. ಈಗ ಮೊಬೈಲಿನಲ್ಲಿ ಬರೆಯುತ್ತಿದ್ದೇನೆ — ಅಳಿಸಿ, ಮತ್ತೆ ಬರೆದು.

ನಾನು ಯಾರ ಹತ್ತಿರವೂ ಕಲಿತವನಲ್ಲ. ವಿಡಿಯೊ ನೋಡಿ, ಒಂದು ಸೀಟಿ ಕೊಂಡು, ಬಾಣಾವರದ ಶಾಲೆ ಮೈದಾನದಲ್ಲಿ ಪೊಲೀಸ್ ಪರೀಕ್ಷೆಗೆ ಹೋಗುವವರನ್ನು ಓಡಿಸುತ್ತಿದ್ದೆ. ಡೇರಿಗೆ ಹಾಲು ಹಾಕಲು ಹೋಗುವಾಗ ನೀವು ನಿಂತು ರೇಗಿಸುತ್ತಿದ್ದಿರಿ: “ಏನಪ್ಪಾ ಕೋಚು, ಬರೀ ಸೀಟಿ ಊದ್ತೀಯಲ್ಲ, ನೀನೂ ಒಂದು ರೌಂಡ್ ಓಡ್ಬಾರ್ದಾ?”

ಅವಳು ಹೋಗುವ ಮೂರು ವಾರ ಮೊದಲು, ಒಂದು ಮಂಗಳವಾರ — ನೀವು ಸುಟ್ಟ ರೊಟ್ಟಿ ತಿಂದೇ ಬಂದಿದ್ದಳು — ಓಡುತ್ತಲೇ ಎದೆ ಹಿಡಿದುಕೊಂಡು ಬಿದ್ದಳು. ಎಚ್ಚರವಾದ ಮೇಲೆ ಬಸ್ಸಿನಲ್ಲಿ ಅರಸೀಕೆರೆಗೆ ಕರೆದುಕೊಂಡು ಹೋದೆ. ಇಸಿಜಿ ಸರಿಯಾಗಿತ್ತು. ಆದರೂ ಡಾಕ್ಟರು ಹೃದಯದ ಸ್ಕ್ಯಾನ್ ಮಾಡಿಸಲು ಹಾಸನದ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಹೃದಯಕ್ಕೇ ರಕ್ತ ಕೊಡುವ ನಾಳ ಕೆಲವರಿಗೆ ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಶುರುವಾಗಿರುತ್ತದಂತೆ. ಮಲಗಿಸಿ ತೆಗೆದ ಇಸಿಜಿಯಲ್ಲಿ ಅದು ಕಾಣದೇ ಹೋಗಬಹುದಂತೆ. ಓಡುವಾಗಲೇ ಬಿದ್ದವರನ್ನು ಹಾಗೇ ಬಿಡಬಾರದು, ಸ್ಕ್ಯಾನ್ ಆಗುವವರೆಗೆ ಒಂದು ಹೆಜ್ಜೆಯೂ ಓಡಕೂಡದು ಎಂದರು; ಚೀಟಿಯಲ್ಲೂ ಅದನ್ನೇ ಬರೆದರು.

ಇಷ್ಟರಲ್ಲಿ ನಾನು ಕೇಳಿಸಿಕೊಂಡದ್ದು ‘ಸರಿಯಾಗಿದೆ’ ಎಂಬುದೊಂದನ್ನೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು, “ಓಡ್ಬೇಡ ಅಂದ್ರಲ್ಲಣ್ಣ?”

“ಇಸಿಜಿ ಚೆನ್ನಾಗೈತೆ ಕಣೇ. ಡಾಕ್ಟ್ರು ಎಲ್ಲಾರ್ಗೂ ಹಂಗೇ ಹೇಳೋದು. ಅಮ್ಮಂಗೆ ಹೇಳ್ಬೇಡ, ಓಟಾನೇ ಬಿಡಿಸ್ಬಿಡ್ತಾರೆ.”

ಚೀಟಿ ನನ್ನ ಜೇಬಿನಲ್ಲಿತ್ತು. ಪರೀಕ್ಷೆಗೆ ತಿಂಗಳಿತ್ತು. ನಾನು ತಯಾರು ಮಾಡಿದವರಲ್ಲಿ ಆಯ್ಕೆಯಾಗುವ ಮೊದಲನೆಯವಳು ಅವಳೇ ಎಂದು ನಾನಾಗಲೇ —

ಆ ಶನಿವಾರ ಓಡುತ್ತಾ ಬಿದ್ದವಳು ಏಳಲಿಲ್ಲ. ಆ ನಾಳ ಎರಡು ದೊಡ್ಡ ರಕ್ತನಾಳಗಳ ನಡುವೆ ಹಾದುಹೋಗಿತ್ತು, ಓಡುವಾಗ ಅದುಮಿಹೋಗಿದೆ ಎಂದು ಪೋಸ್ಟ್‌ಮಾರ್ಟಮ್ ಮಾಡಿದವರು ಹೇಳಿದರು. ಮೊದಲೇ ಗೊತ್ತಾಗಿದ್ದರೆ ಆಪರೇಷನ್ ಮಾಡಬಹುದಿತ್ತು. ಇಲ್ಲದಿದ್ದರೆ ಓಟವನ್ನಾದರೂ ಬಿಡಬಹುದಿತ್ತು.

ತಿಥಿಯ ದಿನ ನೀವು ನನ್ನ ಪಕ್ಕ ಕುಳಿತಿರಿ. “ಹುಟ್ದಾಗ್ಲಿಂದ ಇದ್ದಿದ್ದು ಇಪ್ಪತ್ತು ವರ್ಷ ಸುಮ್ನಿತ್ತಲ್ಲಪ್ಪಾ. ಕೆಲಸ ಸಿಗ್ಲಿ ಅಂತ ನಾನು ಉಪವಾಸ ಹಿಡ್ಸಿದ್ದೇ ಅದನ್ನ ಎಬ್ಬಿಸ್ಬಿಡ್ತು.”

ಆಗ ಹೇಳಬಹುದಿತ್ತು. ನಾನು ಹೇಳಿದ್ದು ಇದು: “ಹೂಂ ಗೌರಕ್ಕ, ಹೊಟ್ಟೆ ಖಾಲಿ ಇತ್ತು.”

ಅವಳನ್ನು ಓಡಿಸಿದ್ದು ಅವಿವೇಕ ಎನ್ನಬಹುದೇನೋ. ಈ ಮಾತಿಗೆ ಏನೆನ್ನಲಿ — ಗೊತ್ತಿದ್ದೇ ಹೇಳಿದೆ.

ಅಂದಿನಿಂದ ಪ್ರತಿ ಶನಿವಾರ ನೀವು ಬುಟ್ಟಿ ತುಂಬ ರೊಟ್ಟಿ ಸುಟ್ಟುಕೊಂಡು ಮೈದಾನಕ್ಕೆ ಬರುತ್ತೀರಿ. ಖಾಲಿ ಹೊಟ್ಟೆಯಲ್ಲಿ ಯಾರೂ ಓಡಬಾರದು ಎಂದು ಒಬ್ಬೊಬ್ಬರನ್ನೂ ಕೂರಿಸಿ ತಿನ್ನಿಸುತ್ತೀರಿ. ಸೀಟಿ ಬಿಟ್ಟು ಬೇಲಿಯ ಹತ್ತಿರ ಸುಮ್ಮನೆ ನಿಲ್ಲುವ ನನ್ನ ಕೈಗೂ ಒಂದು ಇಡುತ್ತೀರಿ. ನಾನು ತಿಂದಿದ್ದೇನೆ, ಗೌರಕ್ಕ. ನಾಲ್ಕು ವರ್ಷ ತಿಂದಿದ್ದೇನೆ.

ಚೀಟಿ ಇನ್ನೂ ಇದೆ. ಮಡಿಕೆಯಲ್ಲಿ ಹರಿದಿದೆ, ಅವಳ ಹೆಸರು ಮಾತ್ರ ಅಳಿಸಿಲ್ಲ. ನಾಳೆ ಶನಿವಾರ. ಅದನ್ನು ತಂದು ನಿಮ್ಮ ಕೈಗೆ ಕೊಡುತ್ತೇನೆ. ಅಲ್ಲಿ ಓಡುವವರಿಗೂ ಎಲ್ಲವನ್ನೂ ಹೇಳುತ್ತೇನೆ — ಓಡುವಾಗ ಎದೆನೋವು ಬಂದರೆ, ಕಣ್ಣು ಕತ್ತಲಾದರೆ ನಿಲ್ಲಬೇಕು, ಹಾಸನಕ್ಕೆ ಹೋಗಲೇಬೇಕು ಎಂದು.

ನನ್ನ ಪಾಲಿನ ರೊಟ್ಟಿ ಮಾತ್ರ ತರಬೇಡಿ.