ಅಣ್ಣನ ಬಸ್ಸಿನ ಕನ್ನಡಿಗಳು

ಬಾಗಲಕೋಟೆಯ ನವನಗರದ ಒಂದು ತರಬೇತಿ ಕೇಂದ್ರದಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಅಲ್ಲಿಗೆ ಹೊಸ ಯಂತ್ರಗಳು ಬಂದಾಗ ಹಳೆಯದೊಂದನ್ನು ಕೇಳಿ ಪಡೆದು, ಹುನಗುಂದದ ನನ್ನ ಅಣ್ಣನ ಮನೆಗೆ ಒಯ್ದು ಕೊಟ್ಟೆ. ಅಣ್ಣ ಬೇರೆಯವರ ಟೆಂಪೋ ಟ್ರಾವೆಲರ್‌ಗೆ ಡ್ರೈವರ್. ಇಳಕಲ್ಲಿನ ಮದುವೆ ದಿಬ್ಬಣ, ಬಾದಾಮಿ ನೋಡಲು ಬಂದವರು, ಹೀಗೆ ಇಪ್ಪತ್ತು ವರ್ಷ ಓಡಿಸಿದವನು. ಅವನಿಗಾಗಿ ಬಸ್ ಓಡಿಸುವ ಒಂದು ಆಟವನ್ನೂ ಹಾಕಿಕೊಟ್ಟೆ. ದಿನವಿಡೀ ಗಾಡಿ ಓಡಿಸಿ ಬಂದು ಮತ್ತೆ ಗಾಡಿಯೇ ಓಡಿಸುತ್ತಾನೆಂದು ಅವನ ಹೆಂಡತಿ, ನನ್ನ ವೈನಿ, ನಗುತ್ತಿದ್ದಳು. "ಇಲ್ಲಿ ಹಿಂದ ಕುಂತವರು ಎ.ಸಿ. ಹೆಚ್ಚು ಮಾಡ್ರಿ ಅನ್ನೂದಿಲ್ಲ ನೋಡು," ಅನ್ನುತ್ತಿದ್ದ ಅಣ್ಣ.

ಒಂದು ದಿನ ಫೋನು ಮಾಡಿದ.

"ತಂಗಿ, ಈ ಆಟದಾಗ ಏನೋ ಬಿಗಡಾಯಿಸೈತಿ. ಬಸ್ಸಿನ ಎರಡೂ ಕನ್ನಡಿ ಕಾಣವಲ್ವು."

ಇದು ನನಗೆ ಹೊಸದೇನೂ ಅಲ್ಲ. ಆಟದ ಅಳತೆ ಪರದೆಯ ಅಳತೆಗಿಂತ ದೊಡ್ಡದಾದರೆ ಅಂಚುಗಳು ಕತ್ತರಿಸಿ ಹೋಗುತ್ತವೆ. ಆಲ್ಟ್ ಮತ್ತು ಎಂಟರ್ ಎರಡನ್ನೂ ಕೂಡಿಸಿ ಒತ್ತು ಎಂದೆ. ಒತ್ತಿದ.

"ಆಟ ನಡುವ ಒಂದು ಸಣ್ಣ ಚೌಕದಾಗ ಬಂತು. ಹಾ, ಈಗ ಕಾಣ್ತಾವ."

ಮತ್ತೆ ಒತ್ತಿಸಿದೆ. ಆಟ ಪರದೆ ತುಂಬಿತು. ಕನ್ನಡಿಗಳು ಇಲ್ಲವಾದವು. ಭಾನುವಾರ ಬಂದು ಸರಿ ಮಾಡುತ್ತೇನೆ ಎಂದೆ.

ಭಾನುವಾರ ಅಮೀನಗಡದಲ್ಲಿ ಬಸ್ಸು ನಿಂತಾಗ ವೈನಿಗೆಂದು ಕರದಂಟು ಕಟ್ಟಿಸಿಕೊಂಡು ಹೋದೆ. ಆಟ ತೆರೆದು ನೋಡಿದರೆ ಎಲ್ಲ ಸರಿಯಿತ್ತು. ಪೂರ್ತಿ ಪರದೆಯಲ್ಲಿ ಎಡಗನ್ನಡಿ, ಬಲಗನ್ನಡಿ, ಮೇಲಿನ ಗಡಿಯಾರ ಎಲ್ಲವೂ ನನಗೆ ಕಾಣುತ್ತಿದ್ದವು.

"ಸರಿ ಐತಲ್ಲೋ ಅಣ್ಣಾ."

ಅವನು ಕುರ್ಚಿಯಲ್ಲಿ ಕುಳಿತು ಆಟದ ರಸ್ತೆಯ ಮೇಲೆ ಕಣ್ಣಿಟ್ಟ. "ಎಲ್ಲೈತಿ? ಕನ್ನಡಿ ಎಲ್ಲೈತಿ?"

ಅಳತೆ ಕಡಿಮೆ ಮಾಡಿದೆ. ಅಂಚಿಲ್ಲದ ಕಿಟಕಿಯಲ್ಲಿ, ಅಂದರೆ ವಿಂಡೋದಲ್ಲಿ, ಆಟ ತೆರೆದೆ. ಅಕ್ಷರ ದೊಡ್ಡದು ಮಾಡುವ ಸೆಟ್ಟಿಂಗನ್ನು ಮೊದಲಿನಂತೆ ಮಾಡಿದೆ. ಡ್ರೈವರ್ ಅಳಿಸಿ ಮತ್ತೆ ಹಾಕಿದೆ. ಆ ತಂತ್ರಾಂಶಕ್ಕೂ ಡ್ರೈವರ್ ಅಂತಲೇ ಅನ್ನುತ್ತಾರೆಂದು ಕೇಳಿ ಅವನಿಗೆ ನಗು ಬಂತು. ಎರಡು ತಾಸು ಕಳೆದವು. ಪ್ರತಿ ಸಲವೂ ನನಗೆ ಎಲ್ಲ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಸಣ್ಣ ಕಿಟಕಿಯಲ್ಲಿ ಮಾತ್ರ ಇಬ್ಬರಿಗೂ ಕಾಣುತ್ತಿತ್ತು.

ವೈನಿ ಚಹಾ ತಂದು ಅವನ ಎಡಕ್ಕೆ ಇಟ್ಟಳು. ಅವನು ಕೈ ಚಾಚಿದಾಗ ಕಪ್ಪು ಉರುಳಿ ಬಿತ್ತು.

"ಎಲ್ಲಿ ಇಡ್ತಿ ನೀ? ಹೇಳಿ ಇಡಬಾರದಾ?" ಎಂದು ರೇಗಿದ.

ನಾನು ಆಟ ಮುಚ್ಚಿದೆ. ಬರೀ ಪರದೆ ಉಳಿಯಿತು. "ಅಣ್ಣಾ, ನಡುವ ನೋಡು. ಕುತ್ತಿಗಿ ಹೊಳ್ಳಿಸಬ್ಯಾಡ, ಕಣ್ಣೂ ಹೊಳ್ಳಿಸಬ್ಯಾಡ. ಬಾಣದ ಗುರ್ತು ಕಂಡ ಕೂಡ್ಲೆ ಹೇಳು."

ಮೌಸಿನ ಬಾಣವನ್ನು ಎಡಗಡೆಯ ಅಂಚಿನಿಂದ ಮೆಲ್ಲಗೆ ಸರಿಸುತ್ತ ಬಂದೆ. ಅವನು ಸುಮ್ಮನಿದ್ದ. ಕಾಲು ಭಾಗ ದಾಟಿತು. ಸುಮ್ಮನಿದ್ದ. ಬಾಣ ನಡುವಿಗೆ ಇನ್ನೇನು ಬಂತು ಅನ್ನುವಾಗ, "ಹಾ, ಬಂತು," ಎಂದ. ಬಲಗಡೆಯಿಂದಲೂ ಹಾಗೆಯೇ ಆಯಿತು.

"ಗಾಡಿ ಹೆಂಗ ಓಡಸ್ತಿ ನೀ?"

"ಕುತ್ತಿಗಿ ಹೊಳ್ಳಿಸಿ ನೋಡ್ತೇನಿ. ಮಂದಿ, ಡ್ರೈವರ್ ಭಾಳ ಹುಷಾರ್ ಅದಾನ ಅಂತಾರ." ಆಮೇಲೆ ಹೇಳಿದ, "ಹ್ವಾದ ತಿಂಗಳ ಕುಳಗೇರಿ ಕ್ರಾಸಿನಾಗ ಒಬ್ಬಾಂವ ಬೈಕಿನ್ಯಾಗ ಎಡಕಿಂದ ಬಂದು ತಾಗಿಸಿಕೊಂಡಾ. ಪುಣ್ಯಾಕ್ಕ ಮೊಳಕಾಲು ತರಚಿತು ಅಷ್ಟ. ಕಣ್ಣು ಕಾಣೂದಿಲ್ಲೇನಲೇ ಅಂತ ಅವನಿಗೇ ಬೈದೆ."

ಬಾಗಲಕೋಟೆಯಲ್ಲಿ ಕಣ್ಣಿನ ಡಾಕ್ಟರರು ಅವನ ಮುಖವನ್ನು ಬಟ್ಟಲಿನಂಥ ಯಂತ್ರದೊಳಗೆ ಇಡಿಸಿದರು. ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು. ಹೊರಗೆ ಕುಳಿತ ನನಗೆ ಗುಂಡಿಯ ಶಬ್ದ ಕೇಳಿಸುತ್ತಿತ್ತು. ಒಂದು ಒತ್ತಿಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಹೋಗುತ್ತಿತ್ತು. ಆಮೇಲೆ ಕೊಟ್ಟ ಕಾಗದದಲ್ಲಿ ನಡುವೆ ಒಂದಿಷ್ಟು ಬಿಳಿ, ಸುತ್ತಲೂ ಕಪ್ಪು.

"ಅಲ್ರಿ, ಕೆಳಗಿನ ಸಾಲಿನ ಸಣ್ಣ ಅಕ್ಷರಾನೂ ಓದಿದೆನಲ್ರಿ," ಎಂದ ಅಣ್ಣ.

"ಅದು ನಡುವಿನ ದೃಷ್ಟಿ. ಅದು ಕಡೀಕ ಹೋಗ್ತದ," ಎಂದರು ಡಾಕ್ಟರರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆಯಂತೆ. "ಹೋದದ್ದು ಹೊಳ್ಳಿ ಬರೂದಿಲ್ರಿ. ಉಳಿದದ್ದು ಉಳಿಯೂಹಂಗ ಹನಿ ಹಾಕೋಣ. ಗಾಡಿ ಮಾತ್ರ ಇವತ್ತಿಗೇ ಬಿಡ್ರಿ."

ಹೊರಗೆ ಬಂದು ಅಣ್ಣ ನನ್ನ ಕೈ ಹಿಡಿದ. "ಗುರುವಾರ ಒಂದು ದಿಬ್ಬಣ ಐತಿ. ಒಪ್ಪಿಕೊಂಡೇನಿ. ಅದೊಂದು ಮುಗೀಲಿ. ಮಾಲಕಗ ನೀ ಹೇಳಬ್ಯಾಡ."

ಹೂಂ ಎಂದೆ. ಅವನು ಬಸ್ಸು ಹತ್ತಿದ ಮೇಲೆ, ನಿಲ್ದಾಣದಲ್ಲೇ ನಿಂತು ಗಾಡಿಯ ಮಾಲೀಕರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಹುನಗುಂದ ಮುಟ್ಟುವಷ್ಟರಲ್ಲಿ ಅವನ ಕೆಲಸ ಹೋಗಿತ್ತು.

ನಾಲ್ಕು ತಿಂಗಳು ಅವನು ನನ್ನೊಡನೆ ಮಾತಾಡಲಿಲ್ಲ. ನಾನು ಮಾಡಿದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಆದರೆ ಹೂಂ ಅಂದದ್ದು ಅನ್ನಬಾರದಿತ್ತು. ಎದುರಿಗೇ ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ.

ಐದನೆಯ ತಿಂಗಳು ಅವನೇ ಕರೆದ. ಆಟದ ಕಿಟಕಿ ಇನ್ನಷ್ಟು ಸಣ್ಣದು ಮಾಡಿಕೊಡಬೇಕಿತ್ತು. ಮಾಡಿಕೊಟ್ಟೆ. ದೀಪಾವಳಿಗೆ ಹೋದಾಗ ಇನ್ನೂ ಸಣ್ಣದು ಬೇಕೆಂದ. ಹನಿಯನ್ನು ತಪ್ಪದೆ ಹಾಕಿಕೊಳ್ಳುತ್ತಿದ್ದಾನೆಂದು ವೈನಿ ಆಣೆ ಮಾಡಿ ಹೇಳಿದಳು. ಕೊನೆಗೊಂದು ದಿನ ಪಟ್ಟಿಯಲ್ಲಿ ಅದಕ್ಕಿಂತ ಸಣ್ಣ ಅಳತೆ ಉಳಿಯಲಿಲ್ಲ.

"ಇದಕ್ಕಿಂತ ಸಣ್ಣದು ಇಲ್ಲೋ ಅಣ್ಣಾ."

ಅವನು ಕುರ್ಚಿ ಹಿಂದಕ್ಕೆ ಸರಿಸಿ ನೋಡಿದ. ಇನ್ನೂ ಸರಿಸಿದ. ಅಲ್ಲಿಗೆ ಕೀಲಿಮಣೆಯ ವೈರು ಮುಟ್ಟಲಿಲ್ಲ. "ಇರ್ಲಿ ಬಿಡು," ಎಂದು ಎದ್ದ. ಮುಂದೆ ಆ ಯಂತ್ರ ಚಾಲೂ ಮಾಡಿದ್ದನ್ನು ನಾನು ನೋಡಿಲ್ಲ.

ಮೊನ್ನೆ ಹುನಗುಂದದ ಬಸ್ ನಿಲ್ದಾಣದ ಎದುರು ಇಬ್ಬರೂ ರಸ್ತೆ ದಾಟಬೇಕಿತ್ತು. ಅವನು ಅಂಚಿನಲ್ಲೇ ನಿಂತುಬಿಟ್ಟ.

"ಗಾಡಿ ಬರಾಕತ್ತೇತೇನು?"

"ಇಲ್ಲ, ನಡಿ."

"ಖರೆ ಹೇಳು."

"ಖರೆ ಅಣ್ಣಾ, ಯಾವದೂ ಇಲ್ಲ."

ಅವನು ಎಡಕ್ಕೆ ಕುತ್ತಿಗೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮತ್ತೆ ಎಡಕ್ಕೆ. ಖಾಲಿ ರಸ್ತೆಯ ಅಂಚಿನಲ್ಲಿ ನಾವು ನಿಂತೇ ಇದ್ದೆವು.