ಬಿಸಿಲಿನ ಹಂಡೆಗೆ ನೀರು ತುಂಬಿದ್ದು

ಕಳೆದ ವಾರ ನಮ್ಮ ಬಚ್ಚಲುಮನೆಯ ಟೈಲ್ಸ್ ಬದಲಾಯಿಸಲು ಬಂದವನು ಮೂಲೆಯಲ್ಲಿ ಉಳಿ ಇಟ್ಟು ಎರಡು ಏಟು ಹಾಕಿದ. ಗಾರೆ ಉದುರಿತು. ಹಿಂದಿನ ಗೋಡೆ ಕಪ್ಪಗಿತ್ತು. "ಏನ್ ಸಾರ್, ಬೆಂಕಿ ಗಿಂಕಿ ಬಿದ್ದಿತ್ತಾ?" ಎಂದು ಕೇಳಿದ. ನಾನು ಬಗ್ಗಿ ಮೂಸಿ ನೋಡಿದೆ. ನೀವು ನಗಬಹುದು, ಈ ವಯಸ್ಸಿನಲ್ಲಿ ಬಚ್ಚಲ ಗೋಡೆ ಮೂಸುವವರು ಯಾರಿದ್ದಾರೆ? ಆದರೆ ಅಲ್ಲಿ ನಲವತ್ತು ವರ್ಷದ ಹಿಂದಿನ ಸೌದೆ ಹೊಗೆಯ ವಾಸನೆ ಇನ್ನೂ ಇತ್ತು.

ಎಂಬತ್ತರ ದಶಕದ ನಡುವಿನ ಮಾತು. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಎಲ್ಲರೂ ಹೆಂಚು ಇಳಿಸಿ ಆರ್‌ಸಿಸಿ ಹಾಕಿಸುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ನಮ್ಮಪ್ಪನಿಗೆ ಮಾತ್ರ ಬೇರೆಯದೇ ಹುಚ್ಚು ಹಿಡಿಯಿತು. "ಇರೋದನ್ನ ಒಡೆಯೋಕೆ ಬುದ್ಧಿ ಬೇಕಾಗಿಲ್ಲ ಕಣಯ್ಯ, ಉಳಿಸ್ಕೊಳ್ಳೋಕೆ ಬೇಕು" ಎಂದು ನನಗೆ ಪಾಠ ಹೇಳಿ, ಅಕ್ಕನ ಮದುವೆ ಮುಗಿದ ಮರುವಾರವೇ ಕೆಲಸ ಶುರುಮಾಡಿಸಿದರು. ಹಗಲಲ್ಲೂ ದೀಪ ಉರಿಯುತ್ತಿದ್ದ ನಡುಮನೆಯ ಮೇಲೆ ನಾಲ್ಕು ಗಾಜಿನ ಹೆಂಚು ಬಂದವು. ಯಾರೋ ಒಡೆಸಿ ಹಾಕಿದ ಮನೆಯ ತೇಗದ ಬಾಗಿಲುಗಳು ನಮ್ಮಲ್ಲಿ ಕಿಟಕಿಗಳಾದವು. ಗೋಡೆಗೆ ಸಿಮೆಂಟು ಬೇಡವೆಂದು ಸುಣ್ಣ ಅರೆಸಿ, ಬೆಲ್ಲದ ನೀರು ಬೆರೆಸಿ ಗಾರೆ ಮಾಡಿಸಿದರು. ಒಂದು ತಿಂಗಳು ಮನೆಯೆಲ್ಲ ಹಬ್ಬದಡುಗೆಯ ವಾಸನೆ. ಬೀದಿಯ ಇರುವೆಗಳೆಲ್ಲ ಸಾಲುಗಟ್ಟಿ ಗೃಹಪ್ರವೇಶಕ್ಕೆ ಬಂದು ಹೋದವು.

ಅಪ್ಪನ ನಿಜವಾದ ಹೆಮ್ಮೆ ಇದ್ದದ್ದು ಬಚ್ಚಲುಮನೆಯ ತಾರಸಿಯ ಮೇಲೆ. ಆಗಷ್ಟೇ ಊರಿನಲ್ಲಿ ಅಲ್ಲೊಂದು ಇಲ್ಲೊಂದು ಕಾಣಿಸುತ್ತಿದ್ದ ಸೋಲಾರ್ ಹೀಟರನ್ನು ಅವರು ಅಲ್ಲಿ ಕೂರಿಸಿದರು. ಅದುವರೆಗೆ ಅಮ್ಮ ದಿನವೂ ಐದು ಗಂಟೆಗೆ ಎದ್ದು, ಹಂಡೆಯ ಒಲೆಯ ಮುಂದೆ ಕೂತು, ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿದ್ದಳು. ಮನೆಗೆ ಬಂದ ನೆಂಟರು ಯಾರಾದರೂ ಕೇಳಿದರೆ "ಈರುಳ್ಳಿ ಹೆಚ್ಚಿದೆ" ಎನ್ನುತ್ತಿದ್ದಳು. ಅಪ್ಪ ಆ ಒಲೆ ಒಡೆಸಿ, ಹಂಡೆಯನ್ನು ಅಟ್ಟಕ್ಕೇರಿಸಿದರು. ಅಮ್ಮನಿಗೆ ಇದು ಹಿಡಿಸಿತೋ ಇಲ್ಲವೋ ತಿಳಿಯಲಿಲ್ಲ. "ದೀಪಾವಳಿ ಬರ್ಲಿ, ನೋಡೋಣ" ಎಂದಳು, ಅಷ್ಟೇ. ಅಕ್ಕ ಭಾವನಿಗೆ ಅದು ಮೊದಲ ದೀಪಾವಳಿ. ಅಪ್ಪನಿಗೆ ರೋಷ ಬಂತು. "ಅಳಿಯಂದ್ರ ಎಣ್ಣೆನೀರಿಗೆ ಇದು ಕೈಕೊಟ್ರೆ ಮಾರನೇ ದಿನವೇ ಹಳೇ ಒಲೆ ಕಟ್ಟಿಸ್ತೀನಿ" ಎಂದು ಎಲ್ಲರೆದುರು ಮಾತು ಕೊಟ್ಟುಬಿಟ್ಟರು.

ಮೂರು ತಿಂಗಳು ಹೀಟರು ಚೆನ್ನಾಗಿಯೇ ನಡೆಯಿತು. ಹಬ್ಬದ ಹಿಂದಿನ ದಿನವೂ ಒಳ್ಳೆಯ ಬಿಸಿಲಿತ್ತು. ಸಂಜೆ ನೀರು ತುಂಬುವ ಹಬ್ಬ. ನಿಮಗೆ ಗೊತ್ತಿರುವಂತೆ, ಆ ಸಂಜೆ ಹಂಡೆಯ ಹಳೆಯ ನೀರು ಚೆಲ್ಲಿ, ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂವಿಟ್ಟು, ಹೊಸ ನೀರು ತುಂಬಬೇಕು. "ಈಗ ಹಂಡೆ ಇಲ್ವಲ್ಲ, ಯಾವುದಕ್ಕೆ ತುಂಬೋದು?" ಎಂದು ಅಮ್ಮ ಕೇಳಿದಳು. ತಮ್ಮ ಹೀಟರು ಶಾಸ್ತ್ರದಲ್ಲಿ ಹಂಡೆಗಿಂತ ಕಡಿಮೆಯಿಲ್ಲವೆಂದು ತೋರಿಸಲು ಅಪ್ಪನಿಗೆ ಅಷ್ಟು ಸಾಕಾಯಿತು. ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದರು. ಟ್ಯಾಂಕಿಗೆ ಪಟ್ಟೆ ಬಳಿದರು, ಸೇವಂತಿಗೆ ಇಟ್ಟರು. ಆಮೇಲೆ ಕೆಳಗಿಳಿದು ಬಚ್ಚಲ ನಲ್ಲಿ ತಿರುಗಿಸಿ ಹಳೆಯ ನೀರನ್ನೆಲ್ಲ ಮೋರಿಗೆ ಬಿಟ್ಟರು. ಹೊಗೆಯಾಡುವ ನೀರು. ನಾನು ಅದರಲ್ಲಿ ಕಾಲು ತೊಳೆದುಕೊಂಡು ಹಾಯೆಂದುಕೊಂಡೆ. ಆಮೇಲೆ ಭಾವ ಬಾವಿಯಿಂದ ಸೇದಿದರು, ನಾನು ಏಣಿಯ ಮೇಲೆ ಹೊತ್ತೆ. ಹನ್ನೆರಡು ಕೊಡ ತಣ್ಣೀರು ಟ್ಯಾಂಕು ಸೇರುವಾಗ ಸೂರ್ಯ ಮುಳುಗಿದ್ದ. ಭಾವ ಇಂಜಿನಿಯರು. ನಾನು ಬಿ.ಎಸ್ಸಿ. ಭೌತಶಾಸ್ತ್ರ. ಸಂಜೆ ತುಂಬಿ ಬೆಳಗ್ಗೆ ಕಾಯಿಸುವುದೇ ನಮಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಕ್ರಮ. ಬೆಳಗ್ಗೆ ಕಾಯಿಸುವವರು ಯಾರೆಂದು ಒಬ್ಬರಿಗೂ ಹೊಳೆಯಲಿಲ್ಲ.

ಬೆಳಗಿನ ಜಾವ ಭಾವನ ತಲೆಗೆ ಎಣ್ಣೆಯಿಟ್ಟು ಆರತಿ ಎತ್ತಿದ್ದಾಯಿತು. ಅವರು ಒಳಗೆ ಹೋಗಿ ಒಂದು ಚೊಂಬು ಸುರಿದುಕೊಂಡರು. ಎರಡನೆಯ ಚೊಂಬಿನ ಸದ್ದು ಬರಲಿಲ್ಲ. ಕೊನೆಗೆ "ಮಾವ, ಸ್ವಲ್ಪ ತಣ್ಣಗಿದೆ ಅನ್ಸತ್ತೆ" ಎಂದು ನಡುಗುವ ದನಿಯಲ್ಲಿ ಕೇಳಿಸಿತು. ಎಂಥ ಮರ್ಯಾದಸ್ಥರು ನೋಡಿ.

ಅಪ್ಪ ಹಣೆ ಹಿಡಿದು ಕೂತರು. ಮನೆಯಲ್ಲಿ ಎಲ್ಲರಿಗೂ ನಗು, ಅವರಿಗೆ ಮಾತ್ರ ಇಲ್ಲ. "ಆಯ್ತು, ಸೋತೆ. ನಾಳೆ ಗಾರೆಯವರನ್ನ ಕರೆಸಿ ಒಲೆ ಕಟ್ಟಿಸ್ತೀನಿ" ಎಂದರು.

ಗ್ಯಾಸಿನ ಮೇಲೆ ಅಳಿಯನಿಗೆ ನೀರಿಡುತ್ತಿದ್ದ ಅಮ್ಮ ಅಲ್ಲಿಂದಲೇ ಹೇಳಿದಳು: "ಏನೂ ಬೇಡ. ಒಂದಿನ ತಣ್ಣೀರಾದ್ರೆ ಯಾರೂ ಸಾಯಲ್ಲ. ಇಪ್ಪತ್ತೈದು ವರ್ಷ ಕಣ್ಣು ಉರೀತು ರೀ, ಹೇಗಿದೆ ಅಂತ ಈ ಮನೇಲಿ ಒಬ್ರೂ ಕೇಳ್ಲಿಲ್ಲ. ಈಗ ಮೂರು ತಿಂಗಳಿಂದ ಬೆಳಗ್ಗೆ ಕೂತ್ಕೊಂಡು ಕಾಫಿ ಕುಡೀತಿದೀನಿ. ಆ ಒಲೆ ನಂಗೆ ಬೇಡ."

ನಗು ನಿಂತುಹೋಯಿತು. ಅಪ್ಪ ಎದ್ದು ಹೋಗಿ, ಅಳಿಯನ ಬಿಸಿನೀರಿನ ಪಾತ್ರೆಯನ್ನು ತಾವೇ ಹೊತ್ತರು. ಮುಂದಿನ ವರ್ಷದಿಂದ ಅಮ್ಮ ನೀರು ತುಂಬುವ ಹಬ್ಬವನ್ನು ಸಂಜೆಯಿಂದ ಬೆಳಗ್ಗೆಗೆ ಬದಲಾಯಿಸಿದಳು. ಬಿಸಿಲು ಇಡೀ ದಿನ ಕಾಯಿಸಲಿ ಎಂದು. ನಮ್ಮ ಮನೆಯಲ್ಲಿ ಇಂದಿಗೂ ಹಾಗೆಯೇ.

ಈ ಕತೆಯನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ಅಪ್ಪ ಪೆದ್ದರಾಗುವಲ್ಲಿಗೆ ನಿಲ್ಲಿಸುವುದು ನನ್ನ ರೂಢಿ. ಟೈಲ್ಸಿನವನು ಹೋದ ಮೇಲೆ ಈ ಸಲ ಮನಸ್ಸು ಅಮ್ಮನ ಮಾತಿನ ಹತ್ತಿರವೇ ನಿಂತಿತು. ಆ ಕೇಳದವರಲ್ಲಿ ನಾನೂ ಒಬ್ಬ. ದಿನವೂ ಬಿಸಿಬಿಸಿ ಸುರಿದುಕೊಂಡು ಕಾಲೇಜಿಗೆ ಹೋದವನು. ನಾಚಿಕೆಯಾಯಿತು. ಈಗಿನ ದುರಸ್ತಿಯಲ್ಲೂ ಟೈಲ್ಸಿನ ಬಣ್ಣದಿಂದ ಮಳೆನೀರಿನ ಪೈಪಿನವರೆಗೆ ಎಲ್ಲವನ್ನೂ ನಾನೊಬ್ಬನೇ ನಿರ್ಧರಿಸಿದ್ದೆ.

ಅಡುಗೆಮನೆಗೆ ಹೋದೆ. ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. "ಈ ಮನೇಲಿ ನಿನಗೇನಾದ್ರೂ ತೊಂದ್ರೆ ಇದೆಯೇನೇ?" ಎಂದು ಕೇಳಿದೆ.

ಅವಳು ತಲೆಯೆತ್ತಲಿಲ್ಲ. "ಪೆನ್ನು ಪೇಪರ್ ತಂದು ಕೂತ್ಕೊಳ್ಳಿ" ಎಂದಳು.

ಈಗ ಎರಡನೆಯ ಹಾಳೆಯಲ್ಲಿದ್ದೇವೆ.